ಸಾಚಾ ವಸ್ತುವಿನ ಸಾಕ್ಷಿ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ಕಟ್ಟಡಕಲೆಗೆ ಸಂಬಂಧಿಸಿದ ಒಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಕಟ್ಟಡಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಗೋಡೆ, ಕಂಬ, ಶಿಖರಗಳನ್ನು ವರ್ಣಿಸುತ್ತಾರೆ. ನಾನು ಅವುಗಳನ್ನು ಬಿಟ್ಟು, ಒಂದು ಕಾಲದಲ್ಲಿ ಕಟ್ಟಡದ ಅಂಗವಾಗಿದ್ದು ಅನಂತರ ಅದರಿಂದ ಬೇರ್ಪಟ್ಟ ಬಿಡಿವಸ್ತುಗಳ ಕಥೆಯನ್ನು ಹೇಳಬಯಸುತ್ತೇನೆ. ಪ್ರಸಿದ್ಧ ವಾಸ್ತುಶಿಲ್ಪಿಗಳು ರೂಪಿಸಿದ ಕುರ್ಚಿ, ಮೇಜು, ದೀಪ, ಬಣ್ಣದ ಗಾಜಿನ ಕಿಟಕಿ, ಬಾಗಿಲ ಹಿಡಿ, ಕಬ್ಬಿಣದ ಜಾಲರಿ, ಅವರ ಕೈಯ ನಕ್ಷೆ, ಪತ್ರ ಮೊದಲಾದವುಗಳನ್ನು ಕೂಡಿಡುವ ಹವ್ಯಾಸ ಇಂದು ಲೋಕದಲ್ಲೆಲ್ಲ ಹಬ್ಬಿದೆ. ಇಂಥ ವಸ್ತು ಸಾಚಾ ಎಂದು ತಿಳಿಯುವುದು ಹೇಗೆ? ಅದನ್ನು ಕೊಂಡವನ ಹೊಣೆ ಏನು? ಈ ಎರಡು ಪ್ರಶ್ನೆಗಳನ್ನಷ್ಟೇ ಇಲ್ಲಿ ವಿಚಾರಮಾಡೋಣ.

ನಮ್ಮ ನಾಡಿನ ಹಳೆಯ ರೂವಾರಿಗಳ ವಿಷಯದಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ಎಷ್ಟೋ ವೇಳೆ ಕಲ್ಲಿನಲ್ಲಿಯೇ ದೊರೆಯುತ್ತದೆ. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಸೋಮನಾಥಪುರದ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರಿದೆ. ಮಾಡಿದವನು ತಾನೇ ಕೆತ್ತಿದ ಹೆಸರು ಅದು, ಕಲ್ಲು ಇರುವವರೆಗೂ ಉಳಿಯುವ ಸಾಕ್ಷಿ. ಆದರೆ ಈ ಕಾಲದ ವಾಸ್ತುಶಿಲ್ಪಿಗಳು ರೂಪಿಸಿದ ಮೇಜು ಕುರ್ಚಿಗಳ ಮೇಲೆ ಅಂಥ ಅಂಕಿತವಿರುವುದು ವಿರಳ. ಅವುಗಳಿಗೆ ಸಾಕ್ಷಿ ನುಡಿಯುವವರು ಬೇರೆಯೇ ಇದ್ದಾರೆ. ಅವರು ಯಾರೆಂಬುದನ್ನು ತಿಳಿಯಲು ನಾವು ಚಂಡೀಗಢಕ್ಕೆ ಹೋಗಬೇಕು.

1947ರ ದೇಶವಿಭಜನೆಯಲ್ಲಿ ಲಾಹೋರು ಪಾಕಿಸ್ತಾನದ ಪಾಲಾದುದರಿಂದ ಭಾರತದ ಪಂಜಾಬಿಗೆ ಹೊಸ ರಾಜಧಾನಿಯೊಂದು ಬೇಕಾಯಿತು. ಮೊದಲು ನಿಯುಕ್ತರಾದ ಆಲ್ಬರ್ಟ್ ಮೇಯರ್ ಅವರ ಜೊತೆಗಾರ ಮ್ಯಾಥ್ಯೂ ನೋವಿಟ್ಸ್ಕಿ 1950ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಬಳಿಕ, ಫ್ರಾನ್ಸಿನಲ್ಲಿ ನೆಲಸಿದ್ದ ಲ ಕಾರ್ಬೂಸಿಯೆ ಆ ಕಾರ್ಯವನ್ನು ವಹಿಸಿಕೊಂಡರು. ಅವರು ಆಗಾಗ ಬಂದು ಹೋಗುತ್ತಿದ್ದವರು. ಸ್ಥಳದಲ್ಲಿಯೇ ನಿಂತು ನಗರವನ್ನು ಕಟ್ಟಿಸಿದವರು ಅವರ ದಾಯಾದಿ ಪಿಯರ್ ಜನ್ನರೆ. 1951ರಲ್ಲಿ ಬಂದ ಜನ್ನರೆ 1965ರವರೆಗೂ ಅಲ್ಲಿಯೇ ಇದ್ದರು. ಎರಡು ವರ್ಷಗಳ ಅನಂತರ ಜಿನೀವಾದಲ್ಲಿ ನಿಧನರಾದ ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಚಂಡೀಗಢದ ಸುಖನಾ ಸರೋವರದಲ್ಲಿಯೇ ವಿಸರ್ಜಿಸಲಾಯಿತು.

ನಗರವೇನೋ ಎದ್ದು ನಿಂತಿತು. ಅದರ ಸಚಿವಾಲಯ, ಉಚ್ಚ ನ್ಯಾಯಾಲಯ, ವಿಧಾನಸಭೆ, ವಿಶ್ವವಿದ್ಯಾಲಯಗಳಲ್ಲಿ ಕುಳಿತು ಕೆಲಸಮಾಡುವವರಿಗೆ ಪೀಠೋಪಕರಣಗಳು ಬೇಡವೇ? ಜನ್ನರೆ ಮತ್ತು ಅವರೊಡನಿದ್ದ ಭಾರತೀಯ ವಾಸ್ತುಶಿಲ್ಪಿಗಳು ಅವನ್ನೂ ರೂಪಿಸಿದರು. ಈ ಭಾರತೀಯರಲ್ಲಿ ಯೂಲಿ ಚೌಧುರಿ, ಜೀತ್ ಮಲ್ಹೋತ್ರಾ, ಆದಿತ್ಯ ಪ್ರಕಾಶ್ ಮೊದಲಾದವರ ಹೆಸರುಗಳು ಸ್ಮರಣೀಯ. ತೇಗ, ಶೀಶಮ್ ಮರ ಮತ್ತು ಬೆತ್ತದ ಹೆಣಿಗೆ, ತೆರೆದಿಟ್ಟ ಕೈವಾರದಂಥ ಕಾಲುಗಳು, ಆಡಂಬರವಿಲ್ಲದ ಗಟ್ಟಿ ಕೆಲಸ, ಇವೇ ಅವುಗಳ ಲಕ್ಷಣ. ಅವನ್ನು ಮಾಡಿದವರು ಸ್ಥಳೀಯ ಬಡಗಿಗಳು. ಬಡಗಿಯಿಂದ ಬಡಗಿಗೆ ಅಳತೆಯಲ್ಲಿ ಅಷ್ಟಿಷ್ಟು ವ್ಯತ್ಯಾಸ ಬರುತ್ತಿತ್ತು. ಗುಮಾಸ್ತರು, ನ್ಯಾಯಾಧೀಶರು, ವಿದ್ಯಾರ್ಥಿಗಳು ದಶಕಗಳ ಕಾಲ ಅವುಗಳ ಮೇಲೆ ಕುಳಿತರು.

ಬಳಕೆಯ ವಸ್ತು ಹಳತಾಗುತ್ತದೆ. ಬೆತ್ತ ಹರಿಯುತ್ತದೆ, ಕಾಲು ಸಡಿಲವಾಗುತ್ತದೆ. ಉಕ್ಕಿನ ಮತ್ತು ಪ್ಲಾಸ್ಟಿಕ್ಕಿನ ಹೊಸ ಕುರ್ಚಿಗಳು ಬಂದಂತೆ ಹಳೆಯವು ಕಚೇರಿಗಳ ಮಾಳಿಗೆಯ ಮೇಲೆ ರಾಶಿಬಿದ್ದವು. ಕಾಲಕಾಲಕ್ಕೆ ಅವುಗಳನ್ನು ಗುಜರಿಯಂತೆ ಹರಾಜು ಹಾಕಲಾಯಿತು. 1990ರ ದಶಕದ ಕೊನೆಯಿಂದ ಯೂರೋಪಿನ ಕೆಲವು ವ್ಯಾಪಾರಿಗಳು ಈ ಹರಾಜುಗಳಲ್ಲಿ ಅಲ್ಪಬೆಲೆಗೆ ಕೊಂಡು, ಹಡಗಿನಲ್ಲಿ ಸಾಗಿಸಿ, ದುರಸ್ತಿ ಮಾಡಿಸಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಮಾರಿದರು. ಇಲ್ಲಿ ಸೌದೆಯ ಲೆಕ್ಕದಲ್ಲಿ ಹೋದ ವಸ್ತು ಅಲ್ಲಿ ಲಕ್ಷಗಟ್ಟಲೆ ರೂಪಾಯಿ ಬಾಳಿತು. ನಗರದ ನಕ್ಷೆಯನ್ನು ಎರಕಹೊಯ್ದಿದ್ದ, ಬೀದಿಯ ಚರಂಡಿಗಳ ಕಬ್ಬಿಣದ ಮುಚ್ಚಳಗಳು ಕೂಡ ಪರದೇಶದ ಹರಾಜುಕಟ್ಟೆಯನ್ನೇರಿದವು.

ಇದರಲ್ಲಿ ಕಾನೂನಿನ ಉಲ್ಲಂಘನೆ ಆಯಿತೇ ಎಂದು ನೀವು ಕೇಳಬಹುದು. ನಮ್ಮ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ, ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುವೇ ಪ್ರಾಚ್ಯವಸ್ತು. ಚಂಡೀಗಢದ ಕುರ್ಚಿಗೆ ಆ ವಯಸ್ಸು ಬರಲು ಈ ಶತಮಾನದ ಮಧ್ಯಭಾಗ ಕಳೆಯಬೇಕು. ಸರ್ಕಾರವೇ ಹರಾಜು ಹಾಕಿ ರಸೀದಿ ಕೊಟ್ಟ ವಸ್ತುವನ್ನು ಮರಳಿಸಿರೆಂದು ಕೊಂಡವನನ್ನು ಕೇಳುವುದೂ ಸುಲಭವಲ್ಲ. ಕೇಂದ್ರ ಗೃಹಸಚಿವಾಲಯವು ಇಂಥ ಪಾರಂಪರಿಕ ವಸ್ತುಗಳ ಮಾರಾಟ ವಿಲೇವಾರಿಗಳನ್ನು 2011ರಲ್ಲಿ ನಿಷೇಧಿಸಿತು. 2016ರಲ್ಲಿ ಅಲ್ಲಿಯ ಕ್ಯಾಪಿಟಲ್ ಸಂಕೀರ್ಣ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ವೇಳೆಗಾಗಲೇ ಹೋದದ್ದು ಹೋಗಿತ್ತು. ಇಂದು ಜನ್ನರೆಯವರ ನಕ್ಷೆ ಮತ್ತು ಕಾಗದಪತ್ರಗಳು ಕೆನಡಾದ ಮಾಂಟ್ರಿಯಲ್ ನಗರದ ವಾಸ್ತುಕಲಾ ಕೇಂದ್ರದಲ್ಲಿವೆ. ಕುರ್ಚಿಗಳು ಹಲವು ದೇಶಗಳ ಶ್ರೀಮಂತರ ಮನೆಗಳಲ್ಲಿವೆ. ಕಟ್ಟಡಗಳು ಮಾತ್ರ ಇದ್ದಲ್ಲಿಯೇ ಇವೆ.

ಈಗ ಸಾಚಾತನದ ಪ್ರಶ್ನೆಗೆ ಬರೋಣ. ಬೆಲೆ ಏರಿದೊಡನೆ ನಕಲಿಗಳು ಹುಟ್ಟಿಕೊಂಡವು. ಮರ ಅದೇ, ಬೆತ್ತ ಅದೇ, ಬಡಗಿಗಳ ಕೈಚಳಕವೂ ಕಡಮೆಯಲ್ಲ. ಹಾಗಿರುವಾಗ ಹೊಸ ಕುರ್ಚಿಗೂ ಹಳೆಯ ಕುರ್ಚಿಗೂ ಭೇದ ಕಾಣುವುದು ಹೇಗೆ? ಕೊಳ್ಳುವವರು ಕುರ್ಚಿಯ ಬೆನ್ನನ್ನು ನೋಡತೊಡಗಿದರು. ಅಲ್ಲಿ ಬಣ್ಣದಲ್ಲಿ ಬರೆದ ಕೆಲವು ಅಕ್ಷರಗಳೂ ಅಂಕಿಗಳೂ ಇರುತ್ತವೆ: ಇದು ಇಂಥ ಇಲಾಖೆಯ ಇಷ್ಟನೆಯ ಕುರ್ಚಿ ಎಂಬ ದಾಸ್ತಾನಿನ ಗುರುತು. ಯಾವನೋ ಕಚೇರಿಯ ನೌಕರ, ಕುರ್ಚಿ ಕಳೆದುಹೋಗಬಾರದೆಂಬ ಕರ್ತವ್ಯಬುದ್ಧಿಯಿಂದ, ಕುಂಚದಲ್ಲಿ ಬರೆದ ಆ ಒರಟು ಅಕ್ಷರಗಳು ಇಂದು ದೊಡ್ಡ ದೊಡ್ಡ ಹರಾಜುಸಂಸ್ಥೆಗಳ ಪಟ್ಟಿಗಳಲ್ಲಿ ಸಚಿತ್ರವಾಗಿ ಅಚ್ಚಾಗುತ್ತಿವೆ. ದಾಸೋಜನ ಅಂಕಿತದ ಸ್ಥಾನದಲ್ಲಿ ಇಲ್ಲಿ ನಿಂತದ್ದು ಹೆಸರಿಲ್ಲದ ಆ ನೌಕರನ ಬರವಣಿಗೆ!

ಆದರೆ ಆ ಅಕ್ಷರಗಳನ್ನೂ ನಕಲುಮಾಡಬಹುದಲ್ಲವೇ? ಮಾಡಿದ್ದಾರೆ. ಆದಕಾರಣ ಬಲ್ಲವರು ಒಂದೇ ಗುರುತನ್ನು ನಂಬುವುದಿಲ್ಲ. ಮರದ ಬಣ್ಣ ಒಳಮೈಯಲ್ಲಿಯೂ ಮಾಗಿದೆಯೇ, ಕೈ ಇಡುವ ಕಡೆಯಲ್ಲಿ ಸವೆತ ಸಹಜವಾಗಿದೆಯೇ, ಕೀಲುಗಳು ಆ ಕಾಲದ ಕೆಲಸವೇ, ತಿರುಪುಮೊಳೆಗಳು ಹೊಸವೇ, ಒಂದು ಹಳೆಯ ಕಾಲಿನ ಸುತ್ತ ಮೂರು ಹೊಸ ಕಾಲುಗಳನ್ನು ಜೋಡಿಸಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಕಾಗದವನ್ನು ಕೇಳುತ್ತಾರೆ: ಯಾವ ವರ್ಷದ ಯಾವ ಹರಾಜಿನಲ್ಲಿ ಯಾರು ಕೊಂಡರು, ಅವರಿಂದ ಯಾರಿಗೆ ಬಂತು, ನಡುವೆ ಕೊಂಡಿ ಕಳಚಿದೆಯೇ? ಇನ್ನೊಂದು ಎಚ್ಚರವೂ ಬೇಕು. ಕುರ್ಚಿ ಸಾಚಾ ಆಗಿದ್ದೂ ಅದಕ್ಕೆ ಹಚ್ಚಿದ ಹೆಸರು ಸಂದೇಹಾಸ್ಪದವಾಗಿರಬಹುದು. ಹಲವರು ಕೂಡಿ ಮಾಡಿದ ಕೆಲಸಕ್ಕೆ ಪ್ರಸಿದ್ಧನೊಬ್ಬನ ಹೆಸರನ್ನಷ್ಟೇ ಹಚ್ಚಿದರೆ ಬೆಲೆ ಏರುತ್ತದೆ. ಜೊತೆಯಲ್ಲಿ ದುಡಿದವರ ಹೆಸರು ಅಳಿಯುತ್ತದೆ. ಅದೂ ಅಸತ್ಯವೇ.

ಇನ್ನು ಸಂಗ್ರಾಹಕನ ಹೊಣೆ. ಇದಕ್ಕೆ ಅಮೆರಿಕದ ಷಿಕಾಗೋ ನಗರದ ರಿಚರ್ಡ್ ನಿಕೆಲ್ ಎಂಬಾತನ ಜೀವಿತಕ್ಕಿಂತ ಉತ್ತಮವಾದ ನಿದರ್ಶನ ನನಗೆ ತಿಳಿಯದು. ಆ ನಗರದಲ್ಲಿ ಲೂಯಿ ಸಲ್ಲಿವನ್ ಎಂಬ ಮಹಾ ವಾಸ್ತುಶಿಲ್ಪಿ ಇದ್ದರು. ಸುಟ್ಟ ಮಣ್ಣಿನ ಫಲಕ, ಎರಕದ ಕಬ್ಬಿಣಗಳಲ್ಲಿ ಬಳ್ಳಿ ಎಲೆಗಳ ಅಲಂಕಾರವನ್ನು ಜೀವಂತವಾಗಿ ಅರಳಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಆದರೂ 1909ರಲ್ಲಿ ಬಡತನದಿಂದ ತಮ್ಮ ಮನೆಯ ಕಲಾವಸ್ತುಗಳನ್ನೂ ಪುಸ್ತಕಗಳನ್ನೂ ಹರಾಜಿಗಿಡುವ ಸ್ಥಿತಿ ಅವರಿಗೆ ಬಂತು. 1924ರಲ್ಲಿ ಅವರು ಬಡವರಾಗಿಯೇ ಕಣ್ಮುಚ್ಚಿದರು. ಮುಂದೆ ಅವರ ಕಟ್ಟಡಗಳೇ ಒಂದೊಂದಾಗಿ ನೆಲಸಮವಾಗತೊಡಗಿದವು.

ನಿಕೆಲ್ ಛಾಯಾಗ್ರಹಣದ ವಿದ್ಯಾರ್ಥಿಯಾಗಿ ಸಲ್ಲಿವನ್ನರ ಕಟ್ಟಡಗಳ ಚಿತ್ರ ತೆಗೆಯಲು ಹೊರಟವನು. ಚಿತ್ರ ತೆಗೆದ ಕಟ್ಟಡ ಮರುವರ್ಷ ಇಲ್ಲವಾಗುವುದನ್ನು ಕಂಡು ಸುಮ್ಮನಿರಲಾರದೆ, ಕಟ್ಟಡಗಳನ್ನು ಉಳಿಸಿರೆಂದು ಬೀದಿಯಲ್ಲಿ ನಿಂತು ಬೇಡಿದ. 1961ರಲ್ಲಿ ಗ್ಯಾರಿಕ್ ನಾಟಕಶಾಲೆಯನ್ನು ಕೆಡವಿದಾಗ ಜೊತೆಗಾರರೊಡನೆ ಅದರ ಅಲಂಕಾರದ ತುಣುಕುಗಳನ್ನು ಕಳಚಿ ಉಳಿಸಿದ. ಅವನ ಕ್ರಮ ಗಮನಾರ್ಹ: ಮೊದಲ ಯತ್ನ ಕಟ್ಟಡವನ್ನೇ ಉಳಿಸುವುದು, ಅದು ಆಗದಿದ್ದರೆ ಇದ್ದದ್ದನ್ನು ಇದ್ದಲ್ಲಿಯೇ ಚಿತ್ರ, ಅಳತೆ, ಟಿಪ್ಪಣಿಗಳಲ್ಲಿ ದಾಖಲಿಸುವುದು, ಕೊನೆಗೆ ಮಾತ್ರ ವಸ್ತುವಿಗೆ ಕೈಹಚ್ಚುವುದು. ಕೂಡಿಟ್ಟುದನ್ನು ಬಿಡಿಬಿಡಿಯಾಗಿ ಮಾರಿ ಲಾಭಮಾಡಿಕೊಳ್ಳದೆ, 1960ರ ದಶಕದಲ್ಲಿ ತನ್ನ ದೊಡ್ಡ ಸಂಗ್ರಹವನ್ನು ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ.

1972ರ ಏಪ್ರಿಲ್ ತಿಂಗಳಲ್ಲಿ ಸಲ್ಲಿವನ್ನರ ಷೇರುಪೇಟೆಯ ಕಟ್ಟಡವನ್ನು ಕೆಡವುತ್ತಿದ್ದಾಗ, ಉಳಿದ ತುಣುಕುಗಳಿಗಾಗಿ ಒಬ್ಬನೇ ಒಳಹೊಕ್ಕ ನಿಕೆಲ್ಲನ ಮೇಲೆ ಅಂತಸ್ತು ಕುಸಿಯಿತು. ಅವನಿಗೆ ಆಗ ನಲವತ್ಮೂರು ವರ್ಷ. ಸುಮಾರು ನಾಲ್ಕು ವಾರಗಳ ಬಳಿಕ ಅವಶೇಷಗಳಡಿಯಲ್ಲಿ ಅವನ ಶರೀರ ದೊರೆಯಿತು. ಆ ಕಟ್ಟಡದ ವ್ಯಾಪಾರದ ಸಭಾಂಗಣವನ್ನು, ಉಳಿಸಿದ ಅಂಶಗಳ ಆಧಾರದಿಂದ ಷಿಕಾಗೋದ ಕಲಾಸಂಗ್ರಹಾಲಯದಲ್ಲಿ ಪುನಾರಚಿಸಲಾಯಿತು. ಹೆಬ್ಬಾಗಿಲ ಕಮಾನು ಅದರ ಹೊರಗೆ ಇಂದಿಗೂ ನಿಂತಿದೆ. ಅವನು ಬಿಟ್ಟುಹೋದ ಛಾಯಾಚಿತ್ರಗಳೂ ಟಿಪ್ಪಣಿಗಳೂ ಸಲ್ಲಿವನ್ನರ ಸಮಗ್ರ ಕಟ್ಟಡಗಳ ಗ್ರಂಥವಾಗಿ 2010ರಲ್ಲಿ ಹೊರಬಂದವು. ಒಂದು ಜಾಲರಿಗಾಗಿ ಪ್ರಾಣ ಕೊಡಬೇಕೆಂದು ನಾನು ಹೇಳಲಾರೆ. ಹಾಗೆ ಪ್ರಾಣವನ್ನು ಗಂಡಾಂತರಕ್ಕೊಡ್ಡುವುದು ವಿವೇಕವಲ್ಲ. ಆದರೆ ಅವನು ಪಾಲಿಸಿದ ಕ್ರಮ ಎಲ್ಲ ಸಂಗ್ರಾಹಕರಿಗೂ ಮೇಲ್ಪಂಕ್ತಿ.

ದಾಖಲೆಯ ಮಹಿಮೆಗೆ ಇನ್ನೊಂದೇ ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಸಲ್ಲಿವನ್ನರ ಬಳಿ ಕೆಲಸ ಕಲಿತ ಫ್ರಾಂಕ್ ಲಾಯ್ಡ್ ರೈಟ್, ಬಫೆಲೋ ನಗರದಲ್ಲಿ ಡಾರ್ವಿನ್ ಮಾರ್ಟಿನ್ ಎಂಬವರಿಗೆ 1903-05ರ ಅವಧಿಯಲ್ಲಿ ದೊಡ್ಡ ಮನೆಯೊಂದನ್ನು ಕಟ್ಟಿಕೊಟ್ಟರು. ಬಣ್ಣದ ಗಾಜಿನ ಸುಮಾರು ನಾನೂರು ಕಿಟಕಿ ಬಾಗಿಲುಗಳು ಅದರ ವಿಶೇಷ. 1935ರಲ್ಲಿ ಮಾರ್ಟಿನ್ ತೀರಿಕೊಂಡರು, ಮನೆ ಪಾಳುಬಿತ್ತು, ಒಂದು ಭಾಗ ನೆಲಸಮವಾಯಿತು, ಕಿಟಕಿಗಳು ದಿಕ್ಕುದಿಕ್ಕಿಗೆ ಚದುರಿದವು. ಆದರೆ ರೈಟ್ ಮತ್ತು ಮಾರ್ಟಿನ್ನರ ಪತ್ರವ್ಯವಹಾರ ಉಳಿದಿತ್ತು, ನಕ್ಷೆಗಳು ಉಳಿದಿದ್ದವು. ಆ ಬಲದಿಂದ 1997ರಲ್ಲಿ ಆರಂಭವಾದ ಜೀರ್ಣೋದ್ಧಾರ 2019ರಲ್ಲಿ ಪೂರ್ಣಗೊಂಡಿತು. ಕೆಲವು ಕಿಟಕಿಗಳು ತಮ್ಮ ಮನೆಗೇ ಮರಳಿ ಬಂದವು. ಯಾವ ಕಿಟಕಿ ಯಾವ ಗೋಡೆಯದೆಂದು ಬರೆದಿಟ್ಟವರಿದ್ದುದರಿಂದಲೇ ಇದು ಸಾಧ್ಯವಾಯಿತು.

ಬಂಧುಗಳೇ, ವಸ್ತು ಎಷ್ಟೇ ಸುಂದರವಾಗಿರಲಿ, ಅದು ಎಲ್ಲಿತ್ತು, ಯಾರು ಮಾಡಿದರು, ಯಾರ ಕೈಯಿಂದ ಯಾರಿಗೆ ಬಂತು ಎಂಬ ಬರಹವಿಲ್ಲದಿದ್ದರೆ ಅದು ಮೂಕವಾಗುತ್ತದೆ. ಇಂದು ಕೊಳ್ಳುವವರಿಗೆ ನನ್ನ ಬಿನ್ನಹವಿಷ್ಟೇ: ರಸೀದಿಯನ್ನು ವಸ್ತುವಿನಷ್ಟೇ ಜೋಪಾನವಾಗಿಡಿ, ಹೊಳಪಿನ ಆಸೆಯಿಂದ ಹಳೆಯ ಗುರುತನ್ನು ಉಜ್ಜಿ ಅಳಿಸಬೇಡಿ, ನಿಂತಿರುವ ಕಟ್ಟಡದಿಂದ ಕಿತ್ತು ತಂದ ವಸ್ತುವನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ.

ಕೊಳ್ಳುವ ಶಕ್ತಿ ನಮ್ಮಲ್ಲಿ ಕೆಲವರಿಗೆ ಮಾತ್ರ ಇರಬಹುದು. ಆದರೆ ಹಳೆಯ ಮನೆಯನ್ನು ಬಿಚ್ಚಿಸುವ, ಹಳೆಯ ಕಟ್ಟಡವನ್ನು ದುರಸ್ತಿ ಮಾಡಿಸುವ ಪ್ರಸಂಗ ಎಲ್ಲರಿಗೂ ಬರುತ್ತದೆ. ಆಗ ಬಾಗಿಲುವಾಡವನ್ನೋ ದೀಪದ ಗೂಡನ್ನೋ ಕೀಳುವ ಮುನ್ನ ಒಂದು ಭಾವಚಿತ್ರ ತೆಗೆಸಿರಿ. ಒಂದು ವಹಿಯಲ್ಲಿ ಅದರ ಅಳತೆ, ಇದ್ದ ಸ್ಥಳ, ದಿನಾಂಕ, ಗೊತ್ತಿದ್ದರೆ ಬಡಗಿಯ ಹೆಸರು, ಇಷ್ಟನ್ನು ಬರೆದಿಡಿ. ಅದಕ್ಕೆ ತಗಲುವುದು ಅರ್ಧ ಗಳಿಗೆ. ಚಂಡೀಗಢದ ಆ ನೌಕರನಿಗೆ ತನ್ನ ಕುಂಚದ ನಾಲ್ಕು ಅಕ್ಷರಗಳು ಮುಂದೊಂದು ದಿನ ಏನಾದಾವೆಂದು ತಿಳಿದಿರಲಿಲ್ಲ. ಆದರೂ ಆತ ಬರೆದ. ನಾವೂ ಬರೆಯೋಣ.