ಗದ್ದಲದೊಳಗಿನ ಅಳು

(ಬಂಗಾರಪೇಟೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಬಂಗಾರಪೇಟೆ ದಾಟುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. 1894ರಲ್ಲಿ ಚಿನ್ನದ ಗಣಿಗಾಗಿ ಹಾಕಿದ ಹಳಿ ಇದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಗಣಿ ಕಾರ್ಮಿಕರ ಮಕ್ಕಳನ್ನು ಬೆಂಗಳೂರಿನ ಕೆಲಸಗಳಿಗೆ ಹೊತ್ತೊಯ್ಯುತ್ತಿದೆ. ಬೋಗಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತ ಹುಡುಗನ ಕಿವಿಯಿಂದ ಡ್ರಮ್ಮಿನ ಬಡಿತ, ಯಾರದೋ ಕಿರುಚು ಹೊರಗೆ ಸೋರಿದರೆ ‘ಇದೂ ಒಂದು ಸಂಗೀತವೇ?’ ಎಂದು ಹಿರಿಯರು ಮುಖ ತಿರುಗಿಸುವುದುಂಟು.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಕೆಜಿಎಫ್‌ನಂಥದೇ ಇನ್ನೊಂದು ಊರನ್ನು ನೋಡಬೇಕು. ಅದು ಅಮೆರಿಕದ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಲ್ಲಿನ ಕರ್ನ್ ನದಿಯ ಆಸುಪಾಸಿನಲ್ಲಿ ಚಿನ್ನ ಸಿಕ್ಕಿತು. 1899ರಲ್ಲಿ ತೈಲ ಸಿಕ್ಕಿತು. 1930ರ ದಶಕದಲ್ಲಿ ಬರ ಮತ್ತು ದೂಳಿನ ಬಿರುಗಾಳಿಗೆ ನೆಲ ಕಳೆದುಕೊಂಡ ಓಕ್ಲಹೋಮಾ ಕಡೆಯ ರೈತರು ದುಡಿಮೆ ಹುಡುಕಿ ಬಂದರು, ಆರ್ಕಾಟು, ಚಿತ್ತೂರು ಕಡೆಯಿಂದ ಜನ ಕೆಜಿಎಫ್‌ಗೆ ಬಂದ ಹಾಗೆ. ಬಕ್ ಓವೆನ್ಸ್, ಮರ್ಲ್ ಹ್ಯಾಗರ್ಡ್ ಅವರ ಗಡುಸು ಹಾಡುಗಳಿಂದ ಆ ಊರಿಗೆ ಹೆಸರು ಬಂತು.

ಆ ಊರಿನ ಮುಂದಿನ ತಲೆಮಾರಿನ ಹುಡುಗರು 1993ರಲ್ಲಿ ಕಟ್ಟಿದ ತಂಡವೇ ‘ಕಾರ್ನ್’. ಗಾಯಕ ಜೊನಾಥನ್ ಡೇವಿಸ್ ಅದಕ್ಕೂ ಮುನ್ನ ಶವಪರೀಕ್ಷೆಯ ಕಚೇರಿಯಲ್ಲಿ ಸಹಾಯಕನಾಗಿದ್ದ. ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಂ 1994ರ ಅಕ್ಟೋಬರ್ 11ರಂದು ಹೊರಬಂತು. ಹೊರತಂದದ್ದು ಇಮ್ಮಾರ್ಟಲ್ ಎಂಬ ಸಣ್ಣ ಸಂಸ್ಥೆಯಾದರೂ ಬೆನ್ನಿಗೆ ಸೋನಿಯ ದೊಡ್ಡ ಲೇಬಲ್ ಎಪಿಕ್ ಇತ್ತು.

ಹೊಸತೇನಿತ್ತು? ಗಿಟಾರಿಗೆ ಸಾಮಾನ್ಯವಾಗಿ ಆರು ತಂತಿ. ಈ ತಂಡದ ಇಬ್ಬರು ಗಿಟಾರ್ ವಾದಕರು ಏಳು ತಂತಿಯ ಗಿಟಾರ್ ಹಿಡಿದರು, ಅದರ ಶ್ರುತಿಯನ್ನೂ ಇನ್ನಷ್ಟು ಕೆಳಕ್ಕಿಳಿಸಿದರು. ಅಷ್ಟು ತಗ್ಗಿನ ನಾದ ಕಿವಿಗಿಂತ ಹೆಚ್ಚಾಗಿ ಎದೆಗೆ ತಾಗುತ್ತದೆ. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳು ನಡುಗುತ್ತಿದ್ದುದನ್ನು ಕಂಡ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಕರಿಯರ ಹಿಪ್‌ಹಾಪ್‌ನ ತಾಳ ಸೇರಿತು. ಹೆವಿ ಮೆಟಲ್‌ನವರು ಮೆರೆಸುತ್ತಿದ್ದ ಉದ್ದುದ್ದ ಗಿಟಾರ್ ಕಸರತ್ತು ಮಾಯವಾಯಿತು. ‘ನ್ಯೂ ಮೆಟಲ್’ ಎಂಬ ಹೆಸರು ಬಿದ್ದದ್ದು ಆಮೇಲೆ.

ಆದರೆ ಆಲ್ಬಮ್ಮಿನ ಜೀವ ಇರುವುದು ವಾದ್ಯಗಳಲ್ಲಲ್ಲ. ಮುಖಪುಟದಲ್ಲಿ ಉಯ್ಯಾಲೆಯ ಮೇಲೊಬ್ಬಳು ಪುಟ್ಟ ಹುಡುಗಿ, ಅವಳ ಮುಂದೆ ಬಿದ್ದ ಗಂಡಸಿನ ನೆರಳು. ಒಂದು ಹಾಡನ್ನು ಡೇವಿಸ್ ಬ್ಯಾಗ್‌ಪೈಪ್ ಊದಿ ಆರಂಭಿಸುತ್ತಾನೆ, ಬಳಸುವುದು ಶಿಶುಗೀತೆಗಳ ಸಾಲುಗಳನ್ನು. ಕೇಳಿದರೆ ಮಾತ್ರ ಮೈ ಜುಮ್ಮೆನ್ನುತ್ತದೆ. ಕೊನೆಯ ಹಾಡು ‘ಡ್ಯಾಡಿ’. ಹೆಸರು ಕೇಳಿ ಅನೇಕರು ತಂದೆಯನ್ನೇ ಶಂಕಿಸಿದರು. ಬಾಲ್ಯದಲ್ಲಿ ಮನೆಗೆ ಪರಿಚಿತರಾದವರೊಬ್ಬರು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆಂದೂ, ಹೇಳಿಕೊಂಡಾಗ ಮನೆಯವರು ನಂಬಲಿಲ್ಲವೆಂದೂ ಡೇವಿಸ್ ಆಮೇಲೆ ಸ್ಪಷ್ಟಪಡಿಸಿದ. ಧ್ವನಿಮುದ್ರಣದ ವೇಳೆ ಹಾಡುತ್ತ ಹಾಡುತ್ತ ಅವನು ಬಿಕ್ಕಿ ಬಿಕ್ಕಿ ಅತ್ತ. ನಿರ್ಮಾಪಕ ರಾಸ್ ರಾಬಿನ್ಸನ್ ಯಂತ್ರ ನಿಲ್ಲಿಸಲಿಲ್ಲ. ಆ ಅಳು ಹಾಗೆಯೇ ಆಲ್ಬಮ್ಮಿನಲ್ಲಿ ಉಳಿದಿದೆ.

ಗಣಿ ಕೆಲಸಕ್ಕೆ ಬಂದ ತಮಿಳು ಜನರ ತವರಿನಲ್ಲಿ ‘ಒಪ್ಪಾರಿ’ ಎಂಬುದೊಂದಿದೆ. ಸಾವಿನ ಮನೆಯಲ್ಲಿ ಹೆಂಗಸರು ಅಳುವನ್ನೇ ಹಾಡಾಗಿಸಿ ಸತ್ತವರ ಗುಣವನ್ನೂ ತಮ್ಮ ಕಷ್ಟವನ್ನೂ ಹೇಳಿಕೊಳ್ಳುವರು. ಹೊರಗೆ ಪರೆ ಬಡಿಯುವರು. ಬಹುಕಾಲ ಆ ವಾದ್ಯವನ್ನೂ ಅದನ್ನು ಬಡಿಯುವ ಜಾತಿಯನ್ನೂ ಕೀಳೆಂದೇ ಎಣಿಸಿದ್ದ ಸಮಾಜ ಅದನ್ನು ಸಂಗೀತದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಪ್ಪಾರಿಯಲ್ಲಿ ಅಳು ಹಾಡಾಗುತ್ತದೆ, ‘ಡ್ಯಾಡಿ’ಯಲ್ಲಿ ಹಾಡು ಅಳುವಾಯಿತು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಸಾವಿನ ಮನೆಯಲ್ಲಿ ಜೊತೆಗೆ ಅಳಲು ನೆರೆಹೊರೆಯಿರುತ್ತದೆ, ಆ ಹುಡುಗನಿಗೆ ಮೈಕ್ ಒಂದೇ ಇತ್ತು.

ರೇಡಿಯೋಗಳು ಈ ಹಾಡುಗಳತ್ತ ಹೆಚ್ಚು ಗಮನ ಕೊಡಲಿಲ್ಲ. ತಂಡ ಡ್ಯಾನ್ಜಿಗ್, ಮೆಗಾಡೆತ್, ಆಜ್ಜಿ ಆಸ್ಬರ್ನ್ ಅವರ ಕಾರ್ಯಕ್ರಮಗಳಿಗೆ ಮುನ್ನ ನುಡಿಸುತ್ತ ಊರೂರು ಅಲೆಯಿತು. 1996ರಲ್ಲಿ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 72ನೇ ಸ್ಥಾನಕ್ಕೆ ಏರಿತು. ಮುಂದೆ ಆ ದೇಶವೊಂದರಲ್ಲೇ 20 ಲಕ್ಷ ಪ್ರತಿಗಳ ಗಡಿ ಮುಟ್ಟಿತು. ಅದೇ ದಾರಿ ಹಿಡಿದ ಲಿಂಕಿನ್ ಪಾರ್ಕ್ ತಂಡದ ಮೊದಲ ಆಲ್ಬಂ ‘ಹೈಬ್ರಿಡ್ ಥಿಯರಿ’ 2000ದ ಅಕ್ಟೋಬರಿನಲ್ಲಿ ಬಂತು. ನಾಲ್ಕು ತಿಂಗಳ ಬಳಿಕ ಕೆಜಿಎಫ್ ಗಣಿಗೆ ಬೀಗ ಬಿತ್ತು.

‘ಡ್ಯಾಡಿ’ಯನ್ನು ವೇದಿಕೆಯ ಮೇಲೆ ಹಾಡಲು ಡೇವಿಸ್ ವರ್ಷಗಟ್ಟಲೆ ಒಪ್ಪಲಿಲ್ಲ. ಆಲ್ಬಮ್ಮಿಗೆ ಇಪ್ಪತ್ತು ತುಂಬಿದ ನೆನಪಿಗಾಗಿ 2015ರಲ್ಲಿ ತಂಡ ಅದನ್ನು ಮೊದಲಿಂದ ಕೊನೆಯವರೆಗೆ ನುಡಿಸುತ್ತ ಹೊರಟಾಗ ಕೊನೆಗೂ ಹಾಡಿದ, ಸಾವಿರಾರು ಜನರ ಎದುರು.