ಸಂತೆಯ ಚೀಲ



ಒಂದು ಸೀಮೆಯ ಜನರ ಸ್ವಭಾವವನ್ನು ಅರಿಯಬೇಕಾದರೆ ಅಲ್ಲಿನ ಪುಸ್ತಕಾಲಯಕ್ಕೆ ಹೋಗಬೇಕೆಂದು ನಾನು ಬಹುಕಾಲ ನಂಬಿದ್ದೆ; ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಈ ಭ್ರಮೆ ಸಹಜವೇ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಸಂತೆಯಿಂದ ಹಿಂದಿರುಗುವವರ ಕೈಚೀಲದೊಳಕ್ಕೆ ಒಮ್ಮೆ ಇಣಿಕಿ ನೋಡಿದರೆ, ಪುಸ್ತಕಗಳು ಹೇಳದೆ ಬಿಟ್ಟ ಎಷ್ಟೋ ಸಂಗತಿಗಳು ತಿಳಿಯುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಚೀಲವನ್ನು ಈ ಹೊತ್ತು ನಿಮ್ಮೆದುರಿಗೆ ಬಿಚ್ಚಬೇಕೆಂದು ನನ್ನ ಉದ್ದೇಶ.

ಈ ನಾಲ್ಕೂ ತಾಲ್ಲೂಕುಗಳು ಒಂದು ಕಾಲಕ್ಕೆ ಹೈದರಾಬಾದು ಸಂಸ್ಥಾನದಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿ, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದವು. ಆದರೆ ಜಿಲ್ಲೆ ಒಂದಾದರೂ ಅನ್ನದ ತಟ್ಟೆ ಒಂದಲ್ಲ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಕುಷ್ಟಗಿ, ಯಲಬುರ್ಗಾಗಳ ಎರೆಭೂಮಿಯೂ ಮಸಾರಿಯೂ ಬಹುಪಾಲು ಇಂದಿಗೂ ಮುಗಿಲನ್ನೇ ನೋಡುತ್ತಿವೆ. ಅಲ್ಲಿಯದು ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳ ಪ್ರಪಂಚ. ಒಂದೇ ಜಿಲ್ಲೆಯಲ್ಲಿ ಅನ್ನವೂ ರೊಟ್ಟಿಯೂ ಹೀಗೆ ನೆರೆಹೊರೆಯವರಾಗಿ ನೆಲೆಸಿವೆ.

ಕೊಳ್ಳುವ ಕ್ರಮವನ್ನು ನೋಡೋಣ. ಅನುಕೂಲವುಳ್ಳವರು ಸುಗ್ಗಿಯಲ್ಲಿ ವರುಷದ ಜೋಳವನ್ನು ಒಮ್ಮೆಗೇ ಕೊಳ್ಳುವ ಪದ್ಧತಿ ಇನ್ನೂ ಅಳಿದಿಲ್ಲ. ಹಿಂದೆ ಅದು ಹಗೇವಿಗೆ ಹೋಗುತ್ತಿತ್ತು. ಈಗ ತಗಡಿನ ಡಬ್ಬಿಗೆ ಹೋಗುತ್ತದೆ. ಕಾಯಿಪಲ್ಯಕ್ಕೆ ವಾರದ ಸಂತೆ. ಬೆಲ್ಲ, ಬೇಳೆ, ಎಣ್ಣೆಗಳಿಗೆ ಓಣಿಯ ಕಿರಾಣಿ ಅಂಗಡಿ. ಅಕ್ಕಿಗೆ ನ್ಯಾಯಬೆಲೆಯ ಅಂಗಡಿ. ಇವುಗಳ ಜೊತೆಗೆ ಈಚೆಗೆ ತಂಪು ಗಾಳಿಯ ದೊಡ್ಡ ಮಳಿಗೆಗಳೂ ಬಂದಿವೆ. ಅಲ್ಲಿ ಎಲ್ಲವೂ ಉಂಟು. ಇಲ್ಲದಿರುವುವು ಎರಡೇ: ಉದ್ರಿ ಮತ್ತು ಕೊಸರು. ತೂಕವಾದ ಮೇಲೆ ಸಂತೆಯ ಹೆಣ್ಣುಮಗಳು ಚೀಲಕ್ಕೆ ಹಾಕುವ ನಾಲ್ಕು ಹಸಿಮೆಣಸಿನಕಾಯಿಗೆ ಯಾವ ಅರ್ಥಶಾಸ್ತ್ರದ ಗ್ರಂಥದಲ್ಲಿಯೂ ಬೆಲೆ ಕಟ್ಟಿಲ್ಲ. ಆದರೂ ಮುಂದಿನ ವಾರ ನಾವು ಅವಳ ಬಳಿಗೇ ಹೋಗುವುದು ಆ ನಾಲ್ಕು ಕಾಯಿಗಳ ದೆಸೆಯಿಂದಲೇ.

ನನ್ನದೊಂದು ಸೋಲಿನ ಕಥೆಯನ್ನು ಹೇಳುತ್ತೇನೆ. ಒಮ್ಮೆ ಅವಸರದಲ್ಲಿ ಒಂದು ಮಳಿಗೆಯಿಂದ ಅಂದವಾಗಿ ಕಟ್ಟಿದ ಜೋಳದ ಹಿಟ್ಟಿನ ಪೊಟ್ಟಣವನ್ನು ಮನೆಗೆ ತಂದೆ. ತಾಯಿಯವರು ನಾದಿ ತಟ್ಟತೊಡಗಿದರು. ರೊಟ್ಟಿ ಅಂಚಿನಿಂದ ನಡುವಿನವರೆಗೆ ಬಿರಿಯಿತು. ಇನ್ನೊಂದನ್ನು ತಟ್ಟಿದರು, ಅದೂ ಹಾಗೆಯೇ. "ತಮ್ಮಾ, ಹಿಟ್ಟಿನಾಗ ಜಿಗೀನ ಇಲ್ಲ. ಕಾಳು ಕಣ್ಣಿಲೆ ನೋಡಿ ತಂದು ಗಿರಣಿಗೆ ಹಾಕಿಸಬೇಕಿತ್ತು" ಎಂದರು. ಪೊಟ್ಟಣದ ಮೇಲೆ ಅಚ್ಚಾಗಿದ್ದ ಅಕ್ಷರಗಳನ್ನೆಲ್ಲ ನಾನು ಓದಿದ್ದೆ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆಂಬುದನ್ನು ಮಾತ್ರ ಓದಿರಲಿಲ್ಲ. ಅವರಾದರೋ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಒಂದೆರಡನ್ನು ಬಾಯಿಗೆ ಹಾಕಿಕೊಂಡು, ಇದು ಹೊಸತು, ಇದು ಹಳತು, ಇದಕ್ಕೆ ಮಳೆ ಹೊಡೆದಿದೆ ಎಂದು ಹೇಳಬಲ್ಲವರು. ನಮ್ಮ ಜನ ಸ್ಥಳೀಯ ಧಾನ್ಯವನ್ನು ಬಯಸುವುದು ಕೇವಲ ಊರಿನ ಅಭಿಮಾನದಿಂದಲ್ಲ. ಅದನ್ನು ಪರೀಕ್ಷಿಸುವ ವಿದ್ಯೆ ಅವರಲ್ಲಿ ಇರುವುದರಿಂದ.

ಇಷ್ಟಕ್ಕೂ 'ನಮ್ಮ ಸೀಮೆಯದು' ಎಂದರೇನು? ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕಾ ಖಂಡದಿಂದ ಬಂದವು. ಜೋಳದ ಮೂಲಸ್ಥಾನ ಆಫ್ರಿಕಾ. ಗಂಗಾವತಿಗೆ ಹೆಸರು ತಂದಿರುವ ಸೋನಾ ಮಸೂರಿಯ ಹೆಸರಿನ ಉತ್ತರಾರ್ಧವು ಮಲೇಷ್ಯಾದಿಂದ ಬಂದ ಒಂದು ತಳಿಯದು. ಹುಟ್ಟಿದ ನೆಲವನ್ನೇ ಕೇಳುತ್ತ ಹೋದರೆ ನಮ್ಮ ತಟ್ಟೆ ಬರಿದಾದೀತು. ಬೇರೆ ಊರಿನಿಂದ ಬಂದ ಸೊಸೆ ಕೆಲವು ವರುಷಗಳಲ್ಲಿ ಮನೆಯ ಯಜಮಾನಿಯಾಗುವಂತೆ, ಈ ನೆಲದ ಬಿಸಿಲನ್ನು ಸಹಿಸಿ, ಈ ಜನರ ಕೈಗೆ ಒಗ್ಗಿದ್ದೇ ನಮ್ಮದು.

ಈಗ ಕೊಂಚ ಕಠಿನವಾದ ವಿಷಯಕ್ಕೆ ಬರುತ್ತೇನೆ. ಜೋಳವು ಬಡವರ ಊಟ, ಅನ್ನವು ಹಬ್ಬದ ಊಟ ಎಂಬ ಮಾತನ್ನು ನಮ್ಮ ಹಿರಿಯರ ಬಾಯಿಂದ ಕೇಳಿದ್ದೇವೆ. ಆ ಕಾಲಚಕ್ರ ತಿರುಗಿತು. 2013ರ ಜುಲೈನಲ್ಲಿ ಅನ್ನಭಾಗ್ಯದ ಯೋಜನೆ ಆರಂಭವಾಗಿ, ಕಿಲೋಗ್ರಾಮಿಗೆ 1 ರೂಪಾಯಿಯಂತೆ ಸಿಗುತ್ತಿದ್ದ ಅಕ್ಕಿ 2015ರಲ್ಲಿ ಉಚಿತವೇ ಆಯಿತು. ಹಸಿದ ಮನೆಗೆ ಅದು ಮಾಡಿದ ಉಪಕಾರವನ್ನು ಹಗುರವಾಗಿ ನುಡಿಯುವುದು ಹೊಟ್ಟೆ ತುಂಬಿದವರಿಗೆ ಶೋಭಿಸದು. ಇತ್ತ 2024-25ರಲ್ಲಿ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ಸಾಮಾನ್ಯ ಭತ್ತಕ್ಕೆ 2,300 ರೂಪಾಯಿ, ಮಾಲದಂಡಿ ಜೋಳಕ್ಕೆ 3,421 ರೂಪಾಯಿ. ಭತ್ತದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಟ್ಟು ತೌಡುಗಳಾಗಿ ಕಳೆಯುವುದರಿಂದ, ಅಕ್ಕಿಗೂ ಜೋಳಕ್ಕೂ ಬೆಲೆಯಲ್ಲಿ ಹೆಚ್ಚಿನ ಅಂತರ ಉಳಿಯಲಿಲ್ಲ. ಒಂದು ಕಡೆ ಪುಕ್ಕಟೆಯ ಅಕ್ಕಿ, ಇನ್ನೊಂದು ಕಡೆ ದುಡ್ಡು ಕೊಟ್ಟು ತರಬೇಕಾದ ಜೋಳ. ಬಡವನು ಏನನ್ನು ಆರಿಸಿಕೊಳ್ಳಬೇಕು? ಅವನ ಬಯಕೆ ರೊಟ್ಟಿಯ ಕಡೆಗಿದ್ದರೂ ಚೀಲ ಅಕ್ಕಿಯ ಕಡೆಗೆ ವಾಲುತ್ತದೆ. ಪಾಲಿಶ್ ಅಕ್ಕಿಯ 100 ಗ್ರಾಮಿನಲ್ಲಿ ನಾರಿನ ಅಂಶ ಸುಮಾರು 3 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ಎಂಬ ಲೆಕ್ಕವನ್ನು ಅವನಿಗೆ ಬೋಧಿಸಿ ಫಲವಿಲ್ಲ.

ಆ ಲೆಕ್ಕವನ್ನು ಕೇಳಬೇಕಾದವರು ಪಟ್ಟಣದ ನಾವು. ಕುಟುಂಬದ ವರಮಾನ ಹೆಚ್ಚಿದಂತೆಲ್ಲ ಊಟಕ್ಕೆ ಸಲ್ಲುವ ಪಾಲು ಕಡಮೆಯಾಗುತ್ತದೆಂದು ಜರ್ಮನಿಯ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞನು 1857ರಲ್ಲಿಯೇ ಹೇಳಿದನು. 2022-23ರ ಭಾರತದ ಸಮೀಕ್ಷೆಯಲ್ಲಿ ಪಟ್ಟಣಿಗರ ವೆಚ್ಚದಲ್ಲಿ ಆಹಾರದ ಪಾಲು ನೂರಕ್ಕೆ ಸುಮಾರು 39. ಒಟ್ಟು ವೆಚ್ಚದಲ್ಲಿ ಧಾನ್ಯಗಳ ಪಾಲು ನೂರಕ್ಕೆ 4ನ್ನೂ ಮುಟ್ಟಲಿಲ್ಲ. ಹೀಗಿರುವಾಗ ಜೋಳ ತುಟ್ಟಿಯಾಯಿತೆಂದು ಸಂಬಳಗಾರನು ಕೊರಗುವುದು ಅಷ್ಟು ಸರಿಯಲ್ಲ. ನಮ್ಮ ಜಾಣ್ಮೆ ಬೇರೆಡೆ ಓಡುತ್ತದೆ. 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಚೀಟಿ ಅಂಟಿಸಿದ 25 ಕಿಲೋಗ್ರಾಂವರೆಗಿನ ಧಾನ್ಯದ ಚೀಲಗಳಿಗೆ ನೂರಕ್ಕೆ 5ರಂತೆ ತೆರಿಗೆ ಬಿದ್ದಿತು. ಬಹುದಿನ ಕಳೆಯುವ ಮೊದಲೇ 26 ಕಿಲೋಗ್ರಾಮಿನ ಅಕ್ಕಿಯ ಚೀಲ ಪೇಟೆಯಲ್ಲಿ ಕಾಣಿಸಿಕೊಂಡಿತು!

ಜೋಳ ಹಿಂದೆ ಬೀಳುವುದಕ್ಕೆ ಬೆಲೆಯೊಂದೇ ಕಾರಣವಲ್ಲ. ಅನ್ನವು ಕುಕ್ಕರಿನಲ್ಲಿ ತಾನಾಗಿ ಬೇಯುತ್ತದೆ. ರೊಟ್ಟಿ ತಾನಾಗಿ ತಟ್ಟಿಕೊಳ್ಳುವುದಿಲ್ಲ. ಒಲೆಯ ಮುಂದೆ ಒಂದು ಜೀವ ಬೇಯಬೇಕು. ರೊಟ್ಟಿಯ ಗುಣಗಾನ ಮಾಡುವ ಗಂಡಸರಲ್ಲಿ, ನಾನೂ ಸೇರಿದಂತೆ, ತಟ್ಟಬಲ್ಲವರು ಎಷ್ಟು ಮಂದಿ? ಹೊರಗೆ ದುಡಿದು ಬಂದ ಹೆಣ್ಣುಮಕ್ಕಳು ಅಕ್ಕಿಯನ್ನು ಆರಿಸಿಕೊಂಡರೆ ಅದನ್ನು ರುಚಿಭ್ರಂಶವೆನ್ನಲಾಗದು. ಈಗ ನಮ್ಮ ಪಟ್ಟಣಗಳಲ್ಲಿ ಖಡಕ್ ರೊಟ್ಟಿಯನ್ನೂ ಶೇಂಗಾ, ಗುರೆಳ್ಳು, ಅಗಸಿಗಳ ಚಟ್ನಿಪುಡಿಯನ್ನೂ ಮಾಡಿ ಮಾರುವ ಮಹಿಳೆಯರಿದ್ದಾರೆ. ಅವರಲ್ಲಿ ಚೌಕಾಸಿ ಮಾಡುವ ಮೊದಲು ಒಲೆಯ ಕಾವನ್ನು ನೆನೆಯುವುದು ಒಳ್ಳೆಯದು. ನಮ್ಮ ಮನೆಯ ಶ್ರಮಕ್ಕೆ ಮೊದಲ ಬಾರಿ ಬೆಲೆ ಕಟ್ಟಿದವರು ಅವರೇ.

ನಾವು ಜೋಳವನ್ನು ಕೊಳ್ಳದೆ ಹೋದರೆ ಯಲಬುರ್ಗಾದ ರೈತನು ಅದನ್ನು ಬಿತ್ತನು. ಗೋವಿನಜೋಳ ಬಿತ್ತಿ ಕೋಳಿಯ ಮೇವಿಗೆ ಮಾರುವನು. ಜೋಳ ಹೋದರೆ ದನಕ್ಕೆ ಕಣಿಕೆ ಹೋಯಿತು. ಕಣಿಕೆ ಹೋದರೆ ದನವೂ, ಅದರೊಡನೆ ತಿಪ್ಪೆಯ ಗೊಬ್ಬರವೂ ಹೋದವು. ಪಟ್ಟಣದ ಚೀಲದಲ್ಲಿ ಆಗುವ ಒಂದು ಸಣ್ಣ ಬದಲಾವಣೆ ಹಳ್ಳಿಯ ಹೊಲದಲ್ಲಿ ಎಷ್ಟು ದೂರ ಸಾಗುತ್ತದೆಂಬುದನ್ನು ಗಮನಿಸಿರಿ. 2023ನ್ನು ವಿಶ್ವಸಂಸ್ಥೆಯು ಕಿರುಧಾನ್ಯಗಳ ವರ್ಷವೆಂದು ಸಾರಿತು. ಆದರೆ ಕುಷ್ಟಗಿಯ ರೈತನಿಗೆ ಬೇಕಾದದ್ದು ವರ್ಷದ ಹೆಸರಲ್ಲ, ವರ್ಷವರ್ಷವೂ ಬರುವ ಗಿರಾಕಿ.

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿದವರಿಗೆ ಗೊತ್ತು: ಹಳ್ಳಿಹಳ್ಳಿಗಳಿಂದ ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ರೊಟ್ಟಿಗಳು ದಾಸೋಹಕ್ಕೆ ಲಕ್ಷಗಟ್ಟಲೆಯಾಗಿ ಬರುತ್ತವೆ. ಯಾವ ಕೈ ಯಾವ ರೊಟ್ಟಿಯನ್ನು ತಟ್ಟಿತೆಂದು ಕೇಳುವವರಿಲ್ಲ. ಎಲ್ಲರ ರೊಟ್ಟಿಯೂ ಒಂದೇ ರಾಶಿ. ಆ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ನಮ್ಮ ಸೀಮೆಯ ಊಟದ ವಿಷಯದಲ್ಲಿ ನಮಗೆ ಉಂಟಾಗುವ ಸಂತೋಷ ನಿಜವಾದುದೇ. ಅದು ಮರುದಿನ ಅಂಗಡಿಯ ಮುಂದೆ ನಿಂತಾಗಲೂ ಉಳಿಯಬೇಕು. ಮುಂದಿನ ಸಂತೆಗೆ ಹೋದಾಗ, ಶ್ರೋತೃಗಳೆ, ಹಿಡಿ ಜೋಳವನ್ನು ಅಂಗೈಗೆ ಹಾಕಿಸಿಕೊಂಡು ನೋಡಿರಿ. ಪರೀಕ್ಷಿಸಲು ಬಾರದಿದ್ದರೆ ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ; ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ.