ನಡುಗುವ ನೆಲದ ಮೇಲೆ ನಿತ್ಯಜೀವನ

(ಅಡಿಲೇಡಿನ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭೂಕಂಪವೆಂದೊಡನೆ ಕುಸಿದ ಕಟ್ಟಡಗಳ ಚಿತ್ರ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆ ಚಿತ್ರಗಳು ಪತ್ರಿಕೆಗಳಿಂದ ಮರೆಯಾದ ಮೇಲೂ, ಮರುಕಂಪನಗಳ ನಡುವೆ ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ದೀಪವಾರಿಸಿ ಮಲಗಬೇಕಾದವರಿದ್ದಾರೆ. ನನ್ನ ಮಾತು ಅವರನ್ನು ಕುರಿತದ್ದು.

ನಾನು ಕಲಬುರಗಿ ಕಡೆಯವನು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ಬಿರಿಯಿತು. ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಮಲಗಿದ್ದವರ ಮೇಲೆಯೇ ಮನೆಗಳು ಕುಸಿದು ಸುಮಾರು 10,000 ಜನ ಮಡಿದರು. ನಮ್ಮ ಮನೆಯಲ್ಲಿ ಪಾತ್ರೆಗಳು ಗಡಗಡಿಸಿದವು, ಅಷ್ಟೆ. ಆದರೆ ಅಂದಿನಿಂದ ಅವ್ವ ರಾತ್ರಿ ಮಲಗುವ ಮುನ್ನ ಸ್ಟೀಲಿನ ಲೋಟಗಳನ್ನು ಒಂದರ ಮೇಲೊಂದು ಜೋಡಿಸಿಡುತ್ತಿದ್ದಳು. ನೆಲ ಅಲುಗಿದರೆ ಅವು ಬಿದ್ದು ಎಚ್ಚರಿಸಲಿ ಎಂದು. “ಇನ್ನು ಬಂದರೂ ಸಣ್ಣದೇ ಅವ್ವ, ಏನೂ ಆಗುವುದಿಲ್ಲ” ಎಂದು ನಾನು ನಕ್ಕೆ. ಅವಳು ಮಾತ್ರ ನಗಲಿಲ್ಲ.

ಅಂದು ನಕ್ಕದ್ದು ತಪ್ಪೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ದೊಡ್ಡ ಕಂಪನವಾದಾಗ ಭೂಗರ್ಭದ ಶಿಲೆಗಳು ಜಾರಿ, ಸುತ್ತಲಿನ ಶಿಲೆಗಳ ಮೇಲಿನ ಒತ್ತಡ ಬದಲಾಗುತ್ತದೆ. ಅವು ಹೊಸ ನೆಲೆಗೆ ಹೊಂದಿಕೊಳ್ಳುವಾಗ ಮರುಕಂಪನಗಳು ಉಂಟಾಗುತ್ತವೆ. ದಿನ ಕಳೆದಂತೆ ಅವುಗಳ ಸಂಖ್ಯೆ ಹೇಗೆ ಇಳಿಯುತ್ತದೆಂಬ ನಿಯಮವನ್ನು ಜಪಾನಿನ ವಿಜ್ಞಾನಿ ಒಮೊರಿ 1894ರಲ್ಲಿಯೇ ಕಂಡುಕೊಂಡರು. ಮೊದಲ ದಿನಕ್ಕೆ ಹೋಲಿಸಿದರೆ ಹತ್ತನೆಯ ದಿನ ಅವು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಇದು ಸಮಾಧಾನದ ಮಾತು. ಆದರೆ ಇಳಿಯುವುದು ಸಂಖ್ಯೆ ಮಾತ್ರ; ಮುಂದೆ ಬರುವುದೆಲ್ಲ ಚಿಕ್ಕದೇ ಎಂಬ ಭರವಸೆಯನ್ನು ಆ ನಿಯಮ ಕೊಡುವುದಿಲ್ಲ.

ನಿಮ್ಮ ನೆರೆಯ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರವೇ ಇದಕ್ಕೆ ಸಾಕ್ಷಿ. ಅಲ್ಲಿ 2010ರ ಸೆಪ್ಟೆಂಬರ್ 4ರ ನಸುಕಿನಲ್ಲಿ 7.1 ಪರಿಮಾಣದ ಕಂಪನವಾಯಿತು. ಕಟ್ಟಡಗಳು ಕುಸಿದು ಸತ್ತವರಿಲ್ಲ. ಊರು ನಿಟ್ಟುಸಿರಿಟ್ಟಿತು. ಐದೂವರೆ ತಿಂಗಳ ನಂತರ, 2011ರ ಫೆಬ್ರವರಿ 22ರ ಮಧ್ಯಾಹ್ನ, ಊಟದ ಬಿಡುವಿನ ಹೊತ್ತಿಗೆ ಬಂದದ್ದು ಅದಕ್ಕಿಂತ ಚಿಕ್ಕದು. ಆದರೆ ಅದು ನಗರಕ್ಕೆ ತೀರ ಸಮೀಪದಲ್ಲಿ, ಹೆಚ್ಚು ಆಳವಿಲ್ಲದೆ ಸಂಭವಿಸಿತು; 185 ಜನರನ್ನು ಬಲಿ ತೆಗೆದುಕೊಂಡಿತು.

ಆ ಮೇಲಿನ ನಿತ್ಯಜೀವನವನ್ನು ಊಹಿಸಿಕೊಳ್ಳಿ. ನೆಲದೊಳಗಿನ ನೀರು ಮರಳಿನೊಡನೆ ಬೂದು ಕೆಸರಾಗಿ ಅಂಗಳಗಳಲ್ಲಿ ಉಕ್ಕಿತ್ತು. ವಿದ್ಯಾರ್ಥಿಗಳು ಗುಂಪುಗೂಡಿ ಸಲಿಕೆ ಹಿಡಿದು ಅದನ್ನು ಎತ್ತಿ ಹಾಕಿದರು. ನಲ್ಲಿಯ ನೀರನ್ನು ಕುದಿಸಿ ಕುಡಿಯಬೇಕಿತ್ತು. ಬೀದಿಬದಿಯಲ್ಲಿ ತಾತ್ಕಾಲಿಕ ಶೌಚಾಲಯಗಳು. ಹಾನಿಗೊಂಡ ಶಾಲೆಗಳ ಮಕ್ಕಳು ಬೇರೆ ಶಾಲೆಯ ಆವರಣಕ್ಕೆ ಪಾಳಿಯ ಮೇಲೆ ಹೋದರು: ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು. ಸಾವಿರಾರು ಮರುಕಂಪನಗಳ ನಡುವೆಯೇ ಇದೆಲ್ಲ ನಡೆಯಿತು. ನಗರದ ಕೇಂದ್ರಭಾಗಕ್ಕೆ ಹಾಕಿದ್ದ ಬೇಲಿ ಪೂರ್ತಿಯಾಗಿ ತೆರವಾದದ್ದು 2013ರ ಜೂನ್‌ನಲ್ಲಿ.

ಇದು ಪರರ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 1954ರ ಮಾರ್ಚ್ 1ರ ನಸುಕಿನಲ್ಲಿ ಈ ಅಡಿಲೇಡೇ ನಡುಗಿ ಚಿಮಣಿಗಳು ಉರುಳಿದವು, ಇಟ್ಟಿಗೆಯ ಗೋಡೆಗಳು ಸೀಳಿದವು. 1968ರ ಅಕ್ಟೋಬರ್ 14ರಂದು ಪರ್ತ್‌ನಿಂದ ಸುಮಾರು 130 ಕಿಲೋಮೀಟರ್ ಪೂರ್ವದ ಮೆಕರಿಂಗ್ ಎಂಬ ಪುಟ್ಟ ಊರು ನೆಲಸಮವಾಯಿತು. ರೈಲುಹಳಿಗಳು ಬಾಗಿದವು, ಚಿನ್ನದ ಗಣಿಗಳ ನಾಡಿಗೆ ನೀರೊಯ್ಯುವ ಕೊಳವೆ ಒಡೆಯಿತು. ಆದರೂ ಅಲ್ಲಿ ಯಾರೂ ಸಾಯಲಿಲ್ಲ. ಬ್ರಿಸ್ಬೇನಿನ ಬಂಧುಗಳೂ ಇದನ್ನು ನೆನಪಿನಲ್ಲಿಡಬೇಕು: ಈ ಖಂಡ ಶಾಂತವಾಗಿದೆ, ನಿಶ್ಚಲವಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಕಪಾಟನ್ನು ಗೋಡೆಗೆ ಬಿಗಿಯಿರಿ. ಹಾಸಿಗೆಯ ಮೇಲ್ಗಡೆ ಭಾರವಾದುದನ್ನು ಇಡದಿರಿ. ಇಲ್ಲಿಯ ಮನೆಗಳಲ್ಲಿ ನೆಲ ಅಲುಗಿದರೆ ಹೊರಗೆ ಓಡದೆ ಗಟ್ಟಿಯಾದ ಮೇಜಿನಡಿ ಸೇರಿ, ಅದರ ಕಾಲನ್ನು ಹಿಡಿದುಕೊಳ್ಳಲು ಮಕ್ಕಳಿಗೆ ಕಲಿಸಿರಿ. ಅಲುಗಾಟ ನಿಂತ ಮೇಲೆ ಒಂಟಿಯಾಗಿರುವ ನೆರೆಯವರ ಬಾಗಿಲನ್ನು ತಟ್ಟಿರಿ.

ಇನ್ನೊಂದು ಮಾತು ನಮ್ಮ ನಾಲಗೆಗೆ ಸಂಬಂಧಿಸಿದ್ದು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಕಿರುಕಂಪನಗಳ ಸರಣಿಯೇ ನಡೆಯಿತು. ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು. ಹಲವರು ಊರನ್ನೇ ಬಿಟ್ಟರು. ಅಂಥವರಿಗೆ ದೂರದಿಂದ ಫೋನು ಮಾಡಿ “ಬರೀ ನಾಲ್ಕರ ಪರಿಮಾಣ, ಹೆದರಬೇಡಿ” ಎನ್ನುವುದು ಸುಲಭ. ಕಿಲ್ಲಾರಿಯನ್ನು ಕಂಡವರ ಭಯ ಮೌಢ್ಯವಲ್ಲ, ಅನುಭವ. ಅಂಕಿಯನ್ನು ಹೇಳುವ ಮೊದಲು “ನಿದ್ದೆ ಬಂತೇ? ಜೊತೆಗೆ ಯಾರಿದ್ದಾರೆ?” ಎಂದು ಕೇಳೋಣ.

ಅವ್ವ ಈಗಿಲ್ಲ. ಆದರೆ ಸಂಜೆ ಲೋಟಗಳನ್ನು ಜೋಡಿಸಿ, ಬೆಳಿಗ್ಗೆ ಅವುಗಳಲ್ಲಿಯೇ ನಮಗೆಲ್ಲ ಚಹಾ ಕೊಡುತ್ತಿದ್ದ ಅವಳ ರೀತಿಯನ್ನು ನಾನು ಮರೆತಿಲ್ಲ. ಎಚ್ಚರವನ್ನೂ ಸಂಸಾರವನ್ನೂ ಒಂದೇ ಕೈಯಲ್ಲಿ ನಡೆಸುವುದನ್ನು ಅವಳು ತಿಳಿದಿದ್ದಳು. ಅಂದು ಅವಳಿಗೆ ಹೇಳಬೇಕಾಗಿದ್ದ ಮಾತನ್ನು ಇಂದು ನಿಮ್ಮ ಮುಂದೆ ಹೇಳಿದ್ದೇನೆ.